ಒಂದು ಅಡಿಗೆ ಒಂದು ಇಂಚು

ಬಂದ ಮೇಜು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾಗಿತ್ತು. ಫೋನಿನ ಚಿತ್ರದಲ್ಲಿ ಅದಕ್ಕೆ ಎರಡು ಡ್ರಾಯರು, ಹಿತ್ತಾಳೆ ಬಣ್ಣದ ಹಿಡಿಕೆ, ಕಾಲುಗಳ ಕೆಳಗೆ ನೆರಳು ಕೂಡ ಇತ್ತು. ರಮಾಮಣಿ ಚಿತ್ರ ನೋಡಿದ್ದರು, ಚಿತ್ರದ ಕೆಳಗಿನ ಅಂಕಿ ನೋಡಿರಲಿಲ್ಲ. ಮೊಮ್ಮಗಳು ಪ್ರಿಯಂವದಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಮೊದಲು ನಕ್ಕಳು, ಆಮೇಲೆ ಅಜ್ಜಿಯ ಮುಖ ಕಂಡು ನಗು ನುಂಗಿ, ತಪ್ಪು ತನ್ನದೇ ಎಂಬಂತೆ, "ಅರೇ, ನಾನು ಹೇಳ್ಬೇಕಿತ್ತು ಅಜ್ಜಿ. ಇದು ವನ್ ಈಸ್ ಟು ಟ್ವೆಂಟಿಫೋರ್. ಅಪ್ನಾ ತೋ ಟ್ವೆಲ್ವ್ ಹೈ ನಾ" ಎಂದಳು. ನಿಜವಾದ ಮನೆಯಲ್ಲಿ ಒಂದು ಅಡಿ ಇದ್ದದ್ದು ಇಲ್ಲಿ ಒಂದು ಇಂಚು, ಅದು ಹನ್ನೆರಡು. ಇಪ್ಪತ್ತನಾಲ್ಕು ಅಂತ ಬರೆದಿದ್ದರೆ ಅರ್ಧ ಇಂಚು. ಆರು ಅಂತ ಬರೆದಿದ್ದರೆ ಎರಡು ಇಂಚು, ಅದು ದೊಡ್ಡ ಗೊಂಬೆಗಳಿಗೆ. ಅಂಕಿ ದೊಡ್ಡದಾದಷ್ಟೂ ಸಾಮಾನು ಚಿಕ್ಕದು. "ಸಮ್ಝಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ರಟ್ಟಿನ ತುಂಡಿನ ಮೇಲೆ ಅದನ್ನೆಲ್ಲ ಬರೆದು ಅಜ್ಜಿಯ ಪರ್ಸಿನಲ್ಲಿ ಹಾಕಿದಳು. ಅವಳದು ಆರ್ಕಿಟೆಕ್ಚರ್ ಎರಡನೆಯ ವರ್ಷ. ಜನ ಬದುಕಿದ ಒಂದು ಮನೆಯನ್ನು ಸಾಮಾನುಗಳ ಸಮೇತ ಸಣ್ಣದಾಗಿ ಮಾಡಿ ತನ್ನಿ ಎಂದು ಕಾಲೇಜಿನಲ್ಲಿ ಹೇಳಿದ್ದರು. ಗೆಳತಿಯರು ಗುಡ್ಡದ ಬಂಗಲೆಯನ್ನೋ ವಾಡೆಯನ್ನೋ ಆರಿಸಿಕೊಂಡರೆ ಇವಳು ಆರಿಸಿದ್ದು ಡೊಂಬಿವಲಿ ಪಶ್ಚಿಮದಲ್ಲಿ ಅಜ್ಜ ಅಜ್ಜಿ ಹನ್ನೊಂದು ವರ್ಷ ಇದ್ದ ಚಾಳಿನ ಕೋಣೆಯನ್ನು. ಚಾಳನ್ನು ಹೋದ ವರ್ಷ ಕೆಡವಿದ್ದರು. ಈಗ ಅಲ್ಲಿ ನೀಲಿ ತಗಡಿನ ಬೇಲಿ ಇತ್ತು.

ಕೋಣೆ ಎಷ್ಟು ದೊಡ್ಡದಿತ್ತು ಅಂತ ಹುಡುಗಿ ಕೇಳಿದಾಗ ರಮಾಮಣಿ ಅಡಿಯಲ್ಲಿ ಹೇಳಲಾರದೆ ಹೋಗಿದ್ದರು. "ಐದು ಕಲ್ಲು, ಆರು ಕಲ್ಲು" ಎಂದಿದ್ದರು. ನೆಲಕ್ಕೆ ಹಾಸಿದ ಕರಿ ಶಾಹಾಬಾದಿ ಕಲ್ಲುಗಳ ಲೆಕ್ಕ ಅದು. ಒಂದೊಂದು ಎರಡಡಿ ಚೌಕ. ಚಾಳಿನಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಿದ್ದದ್ದು. ಮೂಲೆಯ ಬಚ್ಚಲಿಗೆ, ಅಲ್ಲಿನವರ ಮಾತಿನಲ್ಲಿ ಮೋರಿಗೆ, ಎರಡು ಕಲ್ಲು, ಒಲೆಕಟ್ಟೆಗೆ ಮೂರು, ಅತ್ತೆಯ ಕಬ್ಬಿಣದ ಮಂಚಕ್ಕೆ ಮೂರು ಕಲ್ಲು ಉದ್ದ ಒಂದೂವರೆ ಕಲ್ಲು ಅಗಲ. ರಾತ್ರಿಯ ಹಾಸಿಗೆಗಳೂ ಕಲ್ಲಿನ ಮೇಲೆಯೇ ಹಂಚಿಕೆಯಾಗಿದ್ದವು. ಊರಿನಿಂದ ಯಾರಾದರೂ ಬಂದರೆ, ಕೆಲಸ ಸಿಗುವವರೆಗೆ ಇರಲಿ ಎಂದು ಅವರಿಗೆ ಮೂರು ಕಲ್ಲಿನ ಒಂದು ಸಾಲು ಬಿಟ್ಟುಕೊಡುವುದು ಅಲ್ಲಿನ ಪದ್ಧತಿ. ಉಡುಪಿಯಿಂದ ಬಂದವರಿಗೆ ಈ ಊರು ಮೊದಲು ಕೊಡುವುದು ಆ ಮೂರು ಕಲ್ಲನ್ನು, ಉಳಿದದ್ದೆಲ್ಲ ಆಮೇಲೆ. ಗಂಡ ವಿಷ್ಣುಮೂರ್ತಿಯ ತಮ್ಮ ಮಧ್ವೇಶನಿಗೆ ಕಿಟಕಿಯ ಕಡೆಯ ಮೂರು ಕಲ್ಲುಗಳು ಸಿಕ್ಕಿದ್ದವು. ಹತ್ತೊಂಬತ್ತರ ಹುಡುಗ, ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ, ಬೆಳಿಗ್ಗೆ ಎದ್ದರೆ ಹಾಸಿಗೆಯ ಸುರುಳಿ ಮಂಚದಡಿಗೆ ಹೋಗಿ ಅವನು ಅಲ್ಲಿ ಮಲಗಿದ್ದನೆಂಬುದಕ್ಕೆ ಗುರುತೇ ಉಳಿಯುತ್ತಿರಲಿಲ್ಲ. ಆ ಮೂರು ಕಲ್ಲುಗಳನ್ನು ಪ್ರಿಯಂವದಾ ರಟ್ಟಿನ ನೆಲದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿ, "ಇಲ್ಲಿ ಯಾರು ಮಲಗ್ತಿದ್ರು?" ಎಂದಾಗ ರಮಾಮಣಿ, "ಮಧು ಅಜ್ಜ. ಸ್ವಲ್ಪ ದಿನ" ಎಂದರು. "ಫಿರ್?" "ಆಮೇಲೆ ಮೇಜು ಬಂತು. ಜಾಗ ಇರ್ಲಿಲ್ಲ ಮಗಾ. ಪಾಪ, ಅವನೇ ಹೋದ."

ನಲವತ್ತೈದು ವರ್ಷಗಳಿಂದ ಅವರು ಅದನ್ನು ಹೀಗೆಯೇ ಹೇಳುತ್ತ ಬಂದಿದ್ದರು. ಜಾಗ ಇರಲಿಲ್ಲ. ಅವನೇ ಹೋದ. ಆದರೆ ಈಗ ಮೊದಲ ಸಲ ಆ ಮಾತನ್ನು ಅಳೆಯಲು ಬರುವಂತಿತ್ತು. ರಟ್ಟಿನ ಕೋಣೆ ಊಟದ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕುಳಿತಿತ್ತು, ಮತ್ತು ಅದೇ ದಿನ ಸಂಜೆ ನಾಲ್ಕಕ್ಕೆ ವಿಠ್ಠಲವಾಡಿಯಿಂದ ಮಧ್ವೇಶ ಬರುವವನಿದ್ದ. ಕರೆದದ್ದು ಪ್ರಿಯಂವದಾ. "ಮೇಜು ಬಂದಾಗ ಆ ರೂಮಲ್ಲಿ ಇದ್ದವರು ನೀವಿಬ್ಬರೇ ಬಾಕಿ. ಮಧು ಅಜ್ಜ ಬಂದು ಎಲ್ಲ ಕರೆಕ್ಟ್ ಇದೆಯಾ ಹೇಳ್ಲಿ." ಹುಡುಗಿ ಕಾಲೇಜಿಗೆ ಹೋದ ಮೇಲೆ ರಮಾಮಣಿ ಟೈಲರಿಂಗ್ ಟೇಪನ್ನು ಸುತ್ತಿ ಪರ್ಸಿಗೆ ಹಾಕಿಕೊಂಡು, ಸರಿಯಾದ ಮೇಜು ತರುತ್ತೇನೆಂದು ತಮಗೆ ತಾವೇ ಹೇಳಿಕೊಂಡು, ಲೋಕಲ್ ರೈಲು ಹಿಡಿದು ಠಾಣೆ ಊರಿನ ಪೇಟೆಗೆ ಹೊರಟರು.

ಜಾಂಭಳಿ ನಾಕಾದ ಒಳಗಿನ ಗಲ್ಲಿಯ ಆ ಅಂಗಡಿಯಲ್ಲಿ ನೆಲದಿಂದ ಚಾವಣಿಯವರೆಗೆ ಸಣ್ಣ ಸಣ್ಣ ಸಂಸಾರಗಳಿದ್ದವು. ಹಿತ್ತಾಳೆಯ ಭಾತುಕಲಿ, ಮರಾಠಿ ಹುಡುಗಿಯರ ಅಡುಗೆಯಾಟದ ಪಾತ್ರೆಗಳು: ಒಲೆ, ನೀರು ಕಾಯಿಸುವ ಬಂಬು, ಬೀಸುಕಲ್ಲು, ಚಿಕ್ಕ ಚಿಕ್ಕ ಸೌಟು. ರಮಾಮಣಿ ಬಂಬನ್ನು ಎತ್ತಿ ಟೇಪು ಹಿಡಿದರು, ನಾಲ್ಕಿಂಚು ಬಂತು. ಒಲೆಯೂ ನಾಲ್ಕಿಂಚು. ಸೌಟು ಮೂರಿಂಚು, ಅಂದರೆ ಮೂರಡಿ ಉದ್ದದ ಸೌಟು, ಮದುವೆಯ ಸಾರಿನ ಕೊಪ್ಪರಿಗೆಗೆ ಹಾಕುವಂಥದ್ದು. ಅಂಗಡಿಯ ಹೆಂಗಸು ನಗುತ್ತ ಒಂದು ಸ್ಟೂಲನ್ನು ಎಳೆದು, ಅದರ ಮೇಲಿದ್ದ ಧೂಳನ್ನು ತನ್ನ ಓಢಣಿಯಿಂದಲೇ ಒರೆಸಿ, "ಬಸಾ ಆಜಿ. ಭಾತುಕಲೀಲಾ ಮಾಪ್ ನಸ್ತಂ" ಎಂದಳು. ಭಾತುಕಲಿಗೆ ಅಳತೆ ಇರುವುದಿಲ್ಲವಂತೆ. ಮಗುವಿನ ಕೈಗೆ ಸಿಗುವಷ್ಟು ದೊಡ್ಡದು, ಅಷ್ಟೇ. ಸೌಟು ಮುಖ್ಯವಾದರೆ ಸೌಟು ದೊಡ್ಡದು. ರಮಾಮಣಿಗೆ ಅದು ಸರಿ ಎನ್ನಿಸಿತು. ನೆನಪೂ ಹಾಗೆಯೇ ಅಲ್ಲವೇ, ಕೈಗೆ ಸಿಗುವಷ್ಟು ಎಂದುಕೊಂಡರು, ಆಮೇಲೆ ತಮ್ಮ ಮನಸ್ಸು ಬಹಳ ಬೇಗ ಒಂದು ಸಮಾಧಾನವನ್ನು ಹುಡುಕಿಕೊಂಡಿತೆಂದು ನಾಚಿಕೆಯಾಗಿ, "ಅಳತೆ ಇರುವಂಥದ್ದು ಬೇಕು. ಮೇಜು" ಎಂದು ರಟ್ಟಿನ ತುಂಡನ್ನು ಮುಂದೆ ಹಿಡಿದರು.

ಅಂಥವು ಬೇರೆ ಕಪಾಟಿನಲ್ಲಿದ್ದವು, ಗಾಜಿನ ಹಿಂದೆ, ಪ್ರತಿಯೊಂದಕ್ಕೂ ಅಂಕಿ ಅಂಟಿಸಿ. ಹೆಂಗಸು ಎರಡು ಮೇಜುಗಳನ್ನು ತೆಗೆದಿಟ್ಟಳು. ಒಂದೇ ಅಚ್ಚು, ಒಂದೇ ಕಂದು ಬಣ್ಣ, ಎರಡಕ್ಕೂ ಒಂದೇ ಡ್ರಾಯರು. ಹನ್ನೆರಡರದು ಮೂರಿಂಚು ಉದ್ದ, ಎರಡಿಂಚು ಅಗಲ. ಆರರದು ಆರಿಂಚು ಉದ್ದ, ನಾಲ್ಕಿಂಚು ಅಗಲ. ರಮಾಮಣಿ ಮೊದಲನೆಯದನ್ನು ಕೈಗೆ ತೆಗೆದುಕೊಂಡ ಕ್ಷಣವೇ ಅದು ಅದೇ ಎಂದು ಅವರಿಗೆ ತಿಳಿಯಿತು. ಮೂರಡಿ, ಎರಡಡಿ. ಒಂದೂವರೆ ಕಲ್ಲು, ಒಂದು ಕಲ್ಲು. ಅದಕ್ಕಿಂತ ಒಂದು ಬೆರಳೂ ಹೆಚ್ಚಿರಲಿಲ್ಲ. ಉಡುಪಿಯಲ್ಲಿ ಬಿ.ಎ. ಮುಗಿಸಿ ಬಂದ ಹೆಂಡತಿ ಖಾಸಗಿಯಾಗಿ ಎಂ.ಎ. ಕಟ್ಟುತ್ತೇನೆಂದಾಗ ವಿಷ್ಣುಮೂರ್ತಿ ಸ್ಟೇಷನ್ನಿನ ಹತ್ತಿರದ ಬಡಗಿಯಿಂದ ಮಾಡಿಸಿದ ಮೇಜು ಅದು. ತರಲು ಕೈಗಾಡಿ ಸಿಗದೆ ಗಂಡನಿಗೆ ಆಫೀಸಿಗೆ ಹೊತ್ತಾಗುತ್ತಿತ್ತು, ಮಧ್ವೇಶ ಹೋಟೆಲಿನ ಬಿಡುವಿನಲ್ಲಿ ಬಂದವನು ಹೆಗಲ ಮೇಲಿನ ಬೈರಾಸವನ್ನು ಸಿಂಬಿ ಸುತ್ತಿ, ಮೇಜನ್ನು ಕಾಲು ಮೇಲಾಗಿ ತಲೆಯ ಮೇಲಿಟ್ಟುಕೊಂಡು ಮೂರು ಮಹಡಿ ಹತ್ತಿದ್ದ. ಬಾಗಿಲಲ್ಲಿ ನಿಂತು, "ಅತ್ತಿಗೆ, ದಾರಿ ಬಿಡಿ, ಕಾಲೇಜು ಬಂತು!" ಎಂದು ಕೂಗಿದ್ದ. ಚಾಳಿನ ಹೆಂಗಸರೆಲ್ಲ ನಕ್ಕಿದ್ದರು. ರಮಾಮಣಿಯೂ ನಕ್ಕಿದ್ದರು. ನಗುವಾಗ ಅವನ ಕುತ್ತಿಗೆಯ ನರ ಉಬ್ಬಿದ್ದು, ಹಣೆಯ ಬೆವರು ರೆಪ್ಪೆಗೆ ಇಳಿದದ್ದು, ಅದನ್ನು ಒರೆಸಲು ಅವನಿಗೆ ಕೈ ಇರಲಿಲ್ಲ ಎಂಬುದು, ಎಲ್ಲವೂ ಕಣ್ಣಿಗೆ ಬಿದ್ದಿತ್ತು. ಒರೆಸಲಿಲ್ಲ, ಮೈದುನ ಅಲ್ಲವೇ ಎಂದು ಸುಮ್ಮನಿದ್ದರು.

ಮೇಜು ಅವನ ಕಲ್ಲುಗಳ ಮೇಲೆಯೇ ನಿಂತಿತು, ಕಿಟಕಿ ಇದ್ದದ್ದು ಅಲ್ಲೇ. ಅವನು ಹಾಸಿಗೆಯನ್ನು ಹಾಗೆಯೇ ಬಿಚ್ಚಿ ಕಾಲನ್ನು ಮೇಜಿನ ಅಡಿಗೆ ಬಿಟ್ಟು ಮಲಗಿದ. ಐದು ಗಂಟೆಯ ಬೆಳಿಗ್ಗೆ ಅವರು ಪುಸ್ತಕ ತೆರೆದು ಕುಳಿತಾಗ ಅವರ ಪಾದ ಅವನ ಪಾದಕ್ಕೆ ತಗಲಿತು. ನಿದ್ದೆಗಣ್ಣಿನಲ್ಲೇ ಅವನು ಕಾಲನ್ನು ಸರಕ್ಕನೆ ಎಳೆದುಕೊಂಡು, ಮೊಣಕಾಲು ಎದೆಗೆ ಸೇರಿಸಿ, "ತಪ್ಪಾಯ್ತು ಅತ್ತಿಗೆ" ಎಂದ. ತಗಲಿದ್ದು ಅವರ ಕಾಲು, ತಪ್ಪಾಯ್ತೆಂದದ್ದು ಅವನು. ನಾಲ್ಕು ದಿನ ಹೀಗೆ. ನಾಲ್ಕನೆಯ ದಿನ ಪುಟ ತಿರುಗಿಸಿದರೂ ಒಂದು ಸಾಲೂ ತಲೆಗೆ ಹತ್ತದೆ, ಮೋರಿಯಲ್ಲಿ ಹಲ್ಲುಜ್ಜುತ್ತಿದ್ದ ಗಂಡನಿಗೆ ರಮಾಮಣಿ, ಅಷ್ಟೇನೂ ಮೆಲ್ಲಗೆ ಅಲ್ಲದೆ, "ಈ ಮನೆಯಲ್ಲಿ ಕಾಲು ಚಾಚ್ಲಿಕ್ಕೂ ಜಾಗ ಇಲ್ಲ" ಎಂದರು. ಯಾರ ಕಾಲು ಎಂದು ಹೇಳಿರಲಿಲ್ಲ. ಹಾಸಿಗೆ ಸುತ್ತುತ್ತಿದ್ದ ಮಧ್ವೇಶ ಸುತ್ತುವುದನ್ನು ಒಂದು ಗಳಿಗೆ ನಿಲ್ಲಿಸಿ ಮತ್ತೆ ಸುತ್ತಿದ. ಆ ದಿನ ಸಂಜೆ ಬಂದು, ಕಲ್ಯಾಣದ ಹೋಟೆಲಿನ ಅಟ್ಟದಲ್ಲಿ ಹುಡುಗರೆಲ್ಲ ಒಟ್ಟಿಗೆ ಇರುತ್ತಾರೆ, ಬೆಳಗ್ಗಿನ ಪಾಳಿಗೆ ಅದೇ ಅನುಕೂಲ, ಎಂದು ತಾಯಿಗೆ ಹೇಳಿದ. ಸುರುಳಿಯನ್ನು ಹೆಗಲ ಮೇಲಿಟ್ಟುಕೊಂಡು ಹೋದ. ಒಂದು ಸಲ ರಮಾಮಣಿ ಚಕ್ಕುಲಿ ಕೊಡಲು ಅತ್ತೆಯೊಂದಿಗೆ ಅಲ್ಲಿಗೆ ಹೋಗಿದ್ದರು. ಏಣಿ ಇಳಿದು ಬಂದವನ ಕಿವಿಯ ಮೇಲೆ ಹಿಟ್ಟು ಅಂಟಿತ್ತು. ಮೇಲೆ ನೆಟ್ಟಗೆ ನಿಲ್ಲಲು ಬರುವುದಿಲ್ಲವೆಂಬುದು ಅವನು ಬೆನ್ನು ಬಗ್ಗಿಸಿಕೊಂಡೇ ಎರಡು ಹೆಜ್ಜೆ ನಡೆದದ್ದರಿಂದ ತಿಳಿಯಿತು. ಕಾಫಿ ತರಿಸಿ, ಅತ್ತಿಗೆಯ ಲೋಟಕ್ಕೆ ಸಕ್ಕರೆ ಕಡಿಮೆ ಎಂದು ಒಳಗೆ ಕೂಗಿ ಹೇಳಿದ್ದ. ಎಂ.ಎ. ಮೊದಲ ವರ್ಷ ಪಾಸಾಯಿತು. ಎರಡನೆಯ ವರ್ಷ ಮಗ ಹೃಷೀಕೇಶ ಹೊಟ್ಟೆಯಲ್ಲಿದ್ದ. ಆಮೇಲೆ ಮೇಜಿನ ಮೇಲೆ ಇಸ್ತ್ರಿ ಬಟ್ಟೆ, ಹಾಲಿನ ಡಬ್ಬ, ಹಪ್ಪಳದ ಹಿಟ್ಟು.

"ಆಜಿ, ಕುಠಲಾ?" ಯಾವುದು ಎಂದು ಅಂಗಡಿಯ ಹೆಂಗಸು ಕೇಳುತ್ತಿದ್ದಳು. ರಮಾಮಣಿಯ ಕಣ್ಣು ದೊಡ್ಡ ಮೇಜಿನ ಮೇಲಿತ್ತು. ಅದನ್ನು ಕೋಣೆಯಲ್ಲಿಟ್ಟರೆ ಕಿಟಕಿಯ ಕಡೆ ಮೂರು ಕಲ್ಲು ಉದ್ದ, ಎರಡು ಕಲ್ಲು ಅಗಲ ಮುಚ್ಚಿಹೋಗುತ್ತದೆ. ಯಾರು ನೋಡಿದರೂ ಅಯ್ಯೋ ಎನ್ನುತ್ತಾರೆ, ಇಲ್ಲಿ ಜಾಗವೆಲ್ಲಿ. ಮಧ್ವೇಶನೂ ಹಾಗೆಯೇ ಅನ್ನಬಹುದು. ಇಷ್ಟು ವರ್ಷ ಅವನು ಒಳಗೊಳಗೇ ಏನು ಅಂದುಕೊಂಡಿದ್ದನೋ, ಒಂದು ಸಲ ಕಣ್ಣಾರೆ ಕಂಡು, ಹೌದು ಅತ್ತಿಗೆ, ಜಾಗ ಇರಲಿಲ್ಲ, ಎಂದುಬಿಟ್ಟರೆ. ಪ್ರಿಯಂವದಾ ಬರುವುದು ಏಳಕ್ಕೆ; ಅಷ್ಟರಲ್ಲಿ ಬದಲಾಯಿಸಿ ಇಡಬಹುದು. ಇಷ್ಟೆಲ್ಲವನ್ನೂ ತಾವು ಇಷ್ಟು ಸಲೀಸಾಗಿ ಯೋಚಿಸಿದೆವೆಂದು ಅವರಿಗೆ ಭಯವೇ ಆಯಿತು. ಎಪ್ಪತ್ತೆರಡು ವರ್ಷ, ಏಕಾದಶಿಗೆ ಒಂದು ದ್ರಾಕ್ಷಿ ಬಾಯಿಗೆ ಹಾಕಿದವರಲ್ಲ. "ದೋನ್ಹೀ ದ್ಯಾ" ಎಂದರು. ಎರಡನ್ನೂ ಕೊಡಿ. ಹೆಂಗಸು ಎರಡನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಕಾಲು ಮುರಿಯದಂತೆ ನಡುವೆ ಹತ್ತಿಯಿಟ್ಟು, ಮೆಟ್ಟಿಲಿನವರೆಗೆ ಕೈ ಹಿಡಿದು ಇಳಿಸಿದಳು.

ಹಿಂದಿರುಗುವ ಸ್ಲೋ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಎಲ್ಲ ಸೀಟೂ ತುಂಬಿತ್ತು. ಅವರು ಕಂಬ ಹಿಡಿದು ನಿಂತಿದ್ದರು. ಕಳವಾ ದಾಟುವ ಮೊದಲೇ ಮೂವರು ಕುಳಿತಿದ್ದ ಬೆಂಚಿನ ತುದಿಯ ಹೆಂಗಸು, ಮಡಿಲಲ್ಲಿ ಮೆಂತೆ ಸೊಪ್ಪು ಬಿಡಿಸುತ್ತಿದ್ದವಳು, ತಲೆಯೆತ್ತದೆ ಪಕ್ಕದವಳ ತೊಡೆಗೆ ತಟ್ಟಿ, "ಸರಕಾ ಗಂ ಥೋಡಂ" ಎಂದಳು. ಅವಳು ಕಿಟಕಿಯವಳಿಗೆ ತಟ್ಟಿದಳು. ಮೂವರೂ ಒಂದೊಂದು ಅಂಗುಲ ಸರಿದರು. "ಯಾ ಆಜಿ." ಬನ್ನಿ ಅಜ್ಜಿ. ರಮಾಮಣಿ ಕುಳಿತರು, ಅರ್ಧ ದೇಹ ಸೀಟಿನಲ್ಲಿ, ಅರ್ಧ ಹೊರಗೆ, ಎಲ್ಲ ದಿನ ಎಲ್ಲರೂ ಕುಳಿತುಕೊಳ್ಳುವ ಹಾಗೆ. ದಿವಾದಲ್ಲಿ ಇನ್ನಷ್ಟು ಜನ ನುಗ್ಗಿದರು, ಯಾರದೋ ಬ್ಯಾಗು ಅವರ ಭುಜಕ್ಕೆ ಒತ್ತಿತು, ಮೆಂತೆಯವಳು ತನ್ನ ತೋಳನ್ನು ಅಡ್ಡ ಹಿಡಿದು ಅವರ ಮಡಿಲಿನ ಪೊಟ್ಟಣವನ್ನು ಕಾಯ್ದಳು. "ಕಾಯ್ ಆಹೇ, ಕಾಚ್ ಕಾ?" ಗಾಜಾ? "ನಾಹಿ," ಎಂದರು ರಮಾಮಣಿ, "ಮೇಜು." ಅವಳಿಗೆ ನಗು ಬಂತು. ಆ ಬೆಂಚು ಮೂವರಿಗೆ ಮಾಡಿದ್ದು. ನಲವತ್ತೈದು ವರ್ಷಗಳಿಂದ ತಾವು ಅದರಲ್ಲಿ ನಾಲ್ಕನೆಯವರಾಗಿ ಎಷ್ಟು ಸಲ ಕುಳಿತೆವೆಂದು ಲೆಕ್ಕ ಹಾಕಲು ಹೋಗಿ ರಮಾಮಣಿ ಅರ್ಧಕ್ಕೇ ಬಿಟ್ಟು ಹೊರಗೆ ನೋಡಿದರು.

ಮನೆಗೆ ಬಂದು ಕಾಲು ತೊಳೆದವರೇ ದೊಡ್ಡ ಮೇಜನ್ನು ಬಿಚ್ಚಿ ಕಿಟಕಿಯ ಕೆಳಗೆ ಇಟ್ಟರು. ಅದನ್ನು ಬಾಗಿಲಿನಿಂದ ಒಳಗೆ ತರಲು ಆಗಲಿಲ್ಲ, ತೆರೆದಿದ್ದ ಚಾವಣಿಯಿಂದ ಇಳಿಸಬೇಕಾಯಿತು. ಚಿಕ್ಕದನ್ನು ಪರ್ಸಿನಲ್ಲೇ ಬಿಟ್ಟರು. ಕೋಣೆ ತುಂಬಿಹೋಯಿತು. ನೋಡುತ್ತ ಕುಳಿತರೆ ತಮಗೂ ಉಸಿರು ಕಟ್ಟುವಂತಾಗಿ, ಹೌದಲ್ಲ, ಹೀಗೇ ಅಲ್ಲವೇ ಇದ್ದದ್ದು, ಎಂದು ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು. ನಾಲ್ಕಕ್ಕೆ ಇನ್ನೂ ಇಪ್ಪತ್ತು ನಿಮಿಷವಿರುವಾಗಲೇ ಬೆಲ್ ಆಯಿತು. ಮಧ್ವೇಶ ಯಾವಾಗಲೂ ಹಾಗೆ, ಕಾಯಿಸುವವನಲ್ಲ. ಅರುವತ್ತನಾಲ್ಕರ ಮೈ ತೆಳ್ಳಗಾಗಿ ಅಂಗಿ ಸಡಿಲವಾಗಿತ್ತು. ಕೈಯಲ್ಲಿ ಕರಿಬೇವಿನ ಒಂದು ದೊಡ್ಡ ಕಟ್ಟು.

"ವಿಠ್ಠಲವಾಡಿಯಿಂದ ಇದನ್ನು ಹೊತ್ತುಕೊಂಡು ಬಂದ್ಯಾ ಮಾರಾಯ? ಇಲ್ಲಿ ಸಿಗುದಿಲ್ವಾ?"

"ಸಿಗ್ತದೆ. ಪರಿಮಳ ಎಲ್ಲಿ ಉಂಟು ಅತ್ತಿಗೆ? ಇದು ನಮ್ಮ ಬಿಲ್ಡಿಂಗಿನ ಹಿಂದಿನ ಗಿಡ. ವಾಚ್‌ಮನ್‌ನ ಹತ್ತಿರ ದೋಸ್ತಿ." ಚಪ್ಪಲಿಯನ್ನು ಗೋಡೆಗೆ ಒತ್ತಾಗಿ ಬಿಟ್ಟ, ಬೇರೆಯವರಿಗೆ ದಾರಿ ಬಿಟ್ಟಂತೆ, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ. "ಎಲ್ಲಿ ಉಂಟು ನಮ್ಮ ಅರಮನೆ?"

ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಮೋರಿಯ ಕಟ್ಟೆಯನ್ನು ಬೆರಳಿನಿಂದ ಮುಟ್ಟಿದ. "ಅಬ್ಬ, ಅಮ್ಮನ ಮಂಚ. ಕಾಲಿನ ಕೆಳಗೆ ಇಟ್ಟಿಗೆ ಇತ್ತಲ್ಲ, ಅದನ್ನೂ ಇಟ್ಟಿದ್ದಾಳೆ ಹುಡುಗಿ." ಬಾಗಿಲನ್ನು ಸಣ್ಣ ಉಗುರಿನಿಂದ ತೆರೆದು ಮುಚ್ಚಿದ. ಆಮೇಲೆ ಕಿಟಕಿಯ ಕಡೆ ಕಣ್ಣು ಹೋಯಿತು. ರಮಾಮಣಿ ಕರಿಬೇವನ್ನು ಎಲೆ ಬಿಡಿಸಲು ಕುಳಿತವರು ಕೈ ನಿಲ್ಲಿಸಿದರು.

"ಮೇಜು ಇಷ್ಟು ದೊಡ್ಡದಿತ್ತಾ ಅತ್ತಿಗೆ?"

ಅವರು ಕರಿಬೇವಿನ ಇನ್ನೊಂದು ಕಡ್ಡಿಯನ್ನು ಕೈಗೆತ್ತಿಕೊಂಡರು.

"ಇಲ್ಲ, ನಾನು ತಲೆ ಮೇಲೆ ಹೊತ್ತು ತಂದದ್ದಲ್ವಾ. ತಲೆಗೆ ನೆನಪಿರ್ತದೆ. ಬಾಗಿಲಲ್ಲಿ ಸೀದಾ ಬಂತು, ಓರೆ ಕೂಡ ಮಾಡ್ಲಿಲ್ಲ. ಇದು ಈ ಬಾಗಿಲಲ್ಲಿ..." ಎಂದವನು ತೋರುಬೆರಳು ಹೆಬ್ಬೆರಳು ಅಗಲಿಸಿ ಬಾಗಿಲಿಗೂ ಮೇಜಿಗೂ ಹಿಡಿದು ನೋಡುತ್ತ, ಅರ್ಧದಲ್ಲಿ ತಲೆಯೆತ್ತಿದ. ಅತ್ತಿಗೆಯ ಮುಖ ಕಂಡ. ಅಲ್ಲಿ ಅವನು ಏನು ಓದಿದನೋ, ಬೆರಳುಗಳನ್ನು ಮಡಚಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡ, ಆ ಬೆಳಿಗ್ಗೆ ಕಾಲನ್ನು ಎಳೆದುಕೊಂಡಷ್ಟೇ ಬೇಗ. "ಇರಬಹುದು ಅತ್ತಿಗೆ. ದೊಡ್ಡದೇ ಇರಬಹುದು. ನನಗೇ ಮರ್ತಿರ್ಬೇಕು. ವಯಸ್ಸಾಯ್ತಲ್ಲ." ನಕ್ಕ. "ಜಾಗ ಎಲ್ಲಿತ್ತು ಆ ಕೋಣೆಯಲ್ಲಿ."

ಅಂಗಡಿಯಲ್ಲಿ ನಿಂತು ಅವರು ಬಯಸಿದ್ದು ಇದೇ ಮಾತನ್ನು. ಈಗ ಅದು ಬಂದಿತ್ತು, ಕೇಳದೆಯೇ, ಕರಿಬೇವಿನ ಹಾಗೆ. ತೆಗೆದುಕೊಂಡು ಒಳಗಿಟ್ಟುಕೊಂಡರೆ ಮುಗಿಯಿತು. ಅವನು ಮತ್ತೆ ಯಾವತ್ತೂ ಎತ್ತುವವನಲ್ಲ. ಆದರೆ ಅವನು ಕೊಡುತ್ತಿರುವುದು ತನಗೆ ಉಳಿದಿದ್ದ ಕೊನೆಯ ಸಾಮಾನು, ಆ ಮೂರು ಕಲ್ಲಿನ ಮೇಲಿನ ತನ್ನ ನೆನಪು, ಎಂದು ರಮಾಮಣಿಗೆ ಅನ್ನಿಸಿತು. ಅದನ್ನೂ ಸುತ್ತಿ ಹೆಗಲ ಮೇಲಿಟ್ಟುಕೊಂಡು ಹೊರಟಿದ್ದ.

ಎದ್ದರು. ಪರ್ಸು ತೆರೆದು ಎರಡನೆಯ ಪೊಟ್ಟಣ ಬಿಚ್ಚಿದರು. ಹತ್ತಿ ಬೆರಳಿಗೆ ಅಂಟಿಕೊಂಡಿತು. ದೊಡ್ಡ ಮೇಜನ್ನು ಚಾವಣಿಯಿಂದ ಮೇಲೆತ್ತಿ ಹೊರಗಿಟ್ಟು, ಚಿಕ್ಕದನ್ನು ಬಾಗಿಲಿನಿಂದಲೇ ಒಳಗೆ ನೂಕಿದರು. ಸೀದಾ ಹೋಯಿತು, ಓರೆ ಮಾಡಬೇಕಾಗಲಿಲ್ಲ. ಆಮೇಲೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕರವಸ್ತ್ರವನ್ನು ತೆಗೆದು, ಉದ್ದಕ್ಕೆ ಮಡಚಿ, ಮತ್ತೆ ಮಡಚಿ, ಟೇಪು ಹಿಡಿದು ಆರಿಂಚು ಉದ್ದ, ಎರಡು ಇಂಚು ಅಗಲಕ್ಕೆ ಸರಿಮಾಡಿ, ಪೆನ್ಸಿಲಿನ ಗೆರೆಯಿದ್ದ ಮೂರು ಕಲ್ಲುಗಳ ಮೇಲೆ ಹಾಸಿದರು. ತುದಿಯನ್ನು ಮೇಜಿನ ಅಡಿಗೆ ಬಿಟ್ಟರು. ಕರವಸ್ತ್ರ ಎಲ್ಲಿಯೂ ಸುಕ್ಕಾಗದೆ ಮಲಗಿತು. ಅದರ ಪಕ್ಕದಲ್ಲಿ ಇನ್ನೂ ಅರ್ಧ ಕಲ್ಲು ಖಾಲಿ ಉಳಿದಿತ್ತು.

"ಕಾಲು ಚಾಚಬಹುದಿತ್ತು ಮಧ್ವೇಶ," ಎಂದರು. "ನಾನು ಹಾಗೆ ಹೇಳ್ಬಾರ್ದಿತ್ತು."

ಅವನು ಕನ್ನಡಕವನ್ನು ಹಣೆಯಿಂದ ಇಳಿಸಿ, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಕೋಣೆಯೊಳಗೆ ಬಗ್ಗಿದ. ತೋರುಬೆರಳಿನಿಂದ ಮೇಜನ್ನು ಗೋಡೆಯ ಕಡೆಗೆ ಒಂದು ಎಳ್ಳಿನಷ್ಟು ನೂಕಿದ.

"ಇನ್ನೂ ಸ್ವಲ್ಪ ಕಿಟಕಿಯ ಹತ್ತಿರ ಇತ್ತು ಅತ್ತಿಗೆ," ಎಂದ. "ನಾನೇ ಅಲ್ಲಿ ಇಟ್ಟದ್ದು. ನಿಮಗೆ ಓದ್ಲಿಕ್ಕೆ ಬೆಳಕು ಬೇಕಿತ್ತಲ್ಲ."